ಕೋಸಿಗೆ ಅರ್ಧ ತಿರುವು

ಮೊನ್ನೆ ನಮ್ಮ ಯಜಮಾನರು ಚಾಮರಾಜನಗರದ ಮಾರ್ಕೆಟ್ಟಿನಿಂದ ತಂದ ಚೀಲವನ್ನು ಅಡುಗೆಮನೆಯಲ್ಲಿ ಬಗ್ಗಿಸಿದಾಗ ಒಂದು ಕೋಸು ಉರುಳಿಕೊಂಡು ಹೋಗಿ ಸಿಲಿಂಡರಿನ ಪಕ್ಕ ನಿಂತಿತು. ಎತ್ತಿ ನೋಡಿದರೆ ನೆತ್ತಿಯಿಂದ ಅರ್ಧದವರೆಗೆ ಬಿರುಕು. ಒಳಗಿನ ಬಿಳಿ ಎಲೆ ಹಲ್ಲು ಕಿರಿದ ಹಾಗೆ ಕಾಣುತ್ತಿತ್ತು. ನೋಡದೆ ಹಾಕಿಬಿಟ್ಟಿದ್ದಾನೆ, ವಾಪಸ್ ಕೊಟ್ಟು ಬರುತ್ತೇನೆ ಅಂದರು. ನಾನು ಬೇಡ ಅಂದೆ. ಮೂಗಿನ ಹತ್ತಿರ ಹಿಡಿದೆ. ಸಾಸಿವೆ ಅರೆದಂಥ ಘಾಟು, ಅದರ ಹಿಂದೆ ಮಳೆ ಬಿದ್ದ ಮಣ್ಣಿನ ತಂಪು. ಆ ವಾಸನೆಗೆ ನನಗೆ ಸಿಟ್ಟು ಬಂತು.

ದೀಪ ಹಚ್ಚುವ ಹೆಂಗಸು ಇಷ್ಟು ವರ್ಷ ಸಿಟ್ಟು ಇಟ್ಟುಕೊಳ್ಳಬಾರದು ಅಂತ ನನಗೂ ಗೊತ್ತು. ಸೋಮವಾರ ಒಪ್ಪತ್ತು ಮಾಡುತ್ತೇನೆ, ಬೆಳಿಗ್ಗೆ ಎದ್ದು ಮಾದಪ್ಪನ ಹೆಸರು ಹೇಳಿ ಹಣೆಗೆ ವಿಭೂತಿ ಇಟ್ಟುಕೊಳ್ಳುತ್ತೇನೆ, ಮಲಗುವ ಮುಂಚೆ ಆ ದಿನ ದೇವರು ಏನೇನು ಕೊಟ್ಟ ಅಂತ ನೆನೆಸಿಕೊಳ್ಳುತ್ತೇನೆ. ಹಾಲು ಒಡೆಯಲಿಲ್ಲ, ಯಜಮಾನರು ಕಂಬದಿಂದ ಕ್ಷೇಮವಾಗಿ ಇಳಿದರು, ಮಂಡಿನೋವು ಮೆಟ್ಟಿಲು ಹತ್ತುವವರೆಗೆ ಸುಮ್ಮನಿತ್ತು. ಇಂಥವೇ. ಆದರೆ ಹಂಗಳದ ಹಿತ್ತಲಿನಲ್ಲಿ ಆ ವರ್ಷ ಸಂಕ್ರಾಂತಿಯಿಂದ ಯುಗಾದಿವರೆಗೆ ನಡೆದದ್ದನ್ನು ನೆನೆಸಿಕೊಂಡರೆ ವಿಭೂತಿ ಇಟ್ಟ ಹಣೆಯೂ ಬಿಸಿಯಾಗುತ್ತದೆ.

ಹಂಗಳದಲ್ಲಿ ನಮ್ಮದು ಮೊದಲು ಒಂದೇ ಮನೆ, ಒಂದೇ ಒಲೆ. ನಮ್ಮ ಭಾವ, ಅಂದರೆ ಯಜಮಾನರ ಅಣ್ಣ, ಕಾಡು ನೋಡಲು ಬರುವವರನ್ನು ಜೀಪಿನಲ್ಲಿ ಸುತ್ತಿಸುತ್ತಿದ್ದರು. ನಮ್ಮವರು ಗುಂಡ್ಲುಪೇಟೆಯಲ್ಲಿ ಲೈನ್‌ಮನ್. ಭಾವನ ಹೆಂಡತಿ ನಾಗಮಣಿ, ನನ್ನ ಓರಗಿತ್ತಿ, ನನಗಿಂತ ಮೊದಲು ಆ ಮನೆಗೆ ಬಂದವಳು. ಇವರೆಲ್ಲರ ಮೇಲೆ ನಮ್ಮ ಅತ್ತೆ ಸಿದ್ದಮ್ಮ. ಅತ್ತೆಗೆ ಕೆಲವು ಕಟ್ಟುಪಾಡು ಇದ್ದವು. ಉಪ್ಪನ್ನು ಕೈಯಿಂದ ಕೈಗೆ ಕೊಡಬಾರದು, ಕೊಟ್ಟರೆ ಕೊಟ್ಟವರಿಗೂ ಇಸಿದುಕೊಂಡವರಿಗೂ ಜಗಳ ಬರುತ್ತದೆ ಅನ್ನುವುದು ಅದರಲ್ಲೊಂದು. ಉಪ್ಪಿನ ಬಟ್ಟಲನ್ನು ನೆಲಕ್ಕಿಡಬೇಕು, ಬೇಕಾದವರು ನೆಲದಿಂದ ಎತ್ತಿಕೊಳ್ಳಬೇಕು. ನಾನು, ನಾಗಮಣಿ ಇಬ್ಬರೂ ಒಂದು ದಿನವೂ ಅದನ್ನು ಮೀರಲಿಲ್ಲ. ಆದರೂ ಜಗಳ ಬಂತು.

ಬಂದದ್ದು ಹಿತ್ತಲಿನ ಮೇಲೆ. ಮನೆ ಭಾಗವಾದಾಗ ನಡುಮನೆಗೆ ಅಡ್ಡ ಗೋಡೆ ಎದ್ದಿತು, ಹಿತ್ತಲು ಮಾತ್ರ ಅತ್ತೆಯ ಕೈಯಲ್ಲೇ ಉಳಿಯಿತು. ದೊಡ್ಡ ಜಾಗವೇನಲ್ಲ. ಒಂದು ನುಗ್ಗೆಮರ, ನೀರಿನ ಸಿಮೆಂಟ್ ತೊಟ್ಟಿ, ಬಟ್ಟೆ ಒಗೆಯುವ ಕಲ್ಲು, ನಾಗಮಣಿಯ ಹಸುವಿನ ಕೊಟ್ಟಿಗೆ, ಅತ್ತೆ ಎಲೆಅಡಿಕೆ ಹಾಕಿಕೊಂಡು ಕೂರುವ ಚಪ್ಪಡಿ. ಉಳಿದದ್ದು ಬರೀ ಮಣ್ಣು. ಭಾವನಿಗೆ ಅಲ್ಲಿ ಪ್ರವಾಸಿಗಳಿಗೆ ಬಾಡಿಗೆ ಕೊಡಲು ಎರಡು ರೂಮು ಕಟ್ಟಬೇಕು ಅನ್ನುವ ಆಸೆ. ಕಟ್ಟಿದರೆ ನಮ್ಮ ಅಡುಗೆಮನೆ ಕಿಟಕಿಗೆ ಗೋಡೆ ಬರುತ್ತಿತ್ತು, ಹಗಲಲ್ಲೂ ಲೈಟು ಹಾಕಿಕೊಂಡು ಅಕ್ಕಿ ಆರಿಸಬೇಕಾಗುತ್ತಿತ್ತು. ನನಗೆ ಆಕಾಶ ಕಾಣುತ್ತಿದ್ದದ್ದು ಆ ಕಿಟಕಿಯಲ್ಲಿ ಮಾತ್ರ. ಬೇಡ ಅಂದೆ.

ಒಂದು ದಿನ ತೊಟ್ಟಿಯ ಹತ್ತಿರ ಬಿಂದಿಗೆ ತುಂಬಿಸುತ್ತಿದ್ದೆ. ನಾಗಮಣಿ ಕೊಟ್ಟಿಗೆ ಬಾಗಿಲಲ್ಲಿ ನಿಂತು, ಸಗಣಿ ಕೈಯನ್ನು ಗೋಡೆಗೆ ಒರೆಸಿಕೊಳ್ಳುತ್ತ ಹೇಳಿದಳು.

"ನಿಂಗ್ಯಾಕಮ್ಮಿ ಹಿತ್ಲು? ಆಡಕೆ ಮಕ್ಕಳು ಓಡಾಡ್ತಾವಾ?"

ಮದುವೆಯಾಗಿ ಬಹಳ ವರ್ಷವಾಗಿತ್ತು. ನಾನು ಹತ್ತದ ಬೆಟ್ಟವಿಲ್ಲ, ಕಟ್ಟದ ಹರಕೆಯಿಲ್ಲ. ಬಿಂದಿಗೆ ತುಂಬಿ ನೀರು ಹೊರಗೆ ಚೆಲ್ಲುತ್ತಿದ್ದರೂ ನಾನು ನಿಂತೇ ಇದ್ದೆ. ಅವಳು ಒಳಗೆ ಹೋದಳು. ಆವತ್ತಿನಿಂದ ಅವಳೊಂದಿಗೆ ಮಾತು ಬಿಟ್ಟೆ. ಯಜಮಾನರ ಕಿವಿಗೆ ಆ ಮಾತು ಬೀಳಲಿಲ್ಲ, ಅದು ದೇವರ ದಯೆ. ಬಿದ್ದಿದ್ದರೂ ಅವರೇನು ಮಾಡುತ್ತಿದ್ದರು ಅನ್ನುವುದು ಬೇರೆ. ಹೈಟೆನ್ಷನ್ ಕಂಬಕ್ಕೆ ಹೆದರದ ಮನುಷ್ಯ, ಅತ್ತಿಗೆ ಬಾಗಿಲಿಗೆ ಬಂದರೆ ಬೈಕಿನ ಕೀ ಹುಡುಕಲು ಶುರು ಮಾಡುತ್ತಿದ್ದರು.

ನ್ಯಾಯ ಅತ್ತೆಯ ಮುಂದೆ ಹೋಯಿತು. ಅತ್ತೆ ಯಾವ ಸೊಸೆಯ ಪಕ್ಷವೂ ಅಲ್ಲ, ಇಬ್ಬರನ್ನೂ ಒಂದೇ ಸಮ ಬೈಯುತ್ತಿದ್ದವರು. ನಮ್ಮ ಬೀದಿಯಲ್ಲಿ ಯುಗಾದಿ ಕಳೆದ ಮೊದಲ ಸೋಮವಾರ ಮಾದಪ್ಪನ ಪರ ಮಾಡುತ್ತಾರೆ. ಮನೆಮನೆಯಿಂದ ಅಕ್ಕಿ, ಬೇಳೆ, ತರಕಾರಿ ತಂದು ಒಟ್ಟಿಗೆ ಅಡುಗೆ ಮಾಡಿ, ದೇವರಿಗೆ ಎಡೆ ಇಟ್ಟು, ಬೀದಿಯವರೆಲ್ಲ ಸಾಲಾಗಿ ಕೂತು ಉಣ್ಣುವುದು. ಅತ್ತೆ ಚಪ್ಪಡಿಯ ಮೇಲೆ ಕೂತು, ಬಾಯಲ್ಲಿದ್ದ ಎಲೆಅಡಿಕೆಯನ್ನು ಉಗಿದು ತೀರ್ಪು ಹೇಳಿದರು.

"ಪರಕ್ಕೆ ಈ ಹಿತ್ಲಿಂದ ಒಂದು ಪಲ್ಯಕ್ಕಾಗಷ್ಟು ಬರ್ಲಿ. ಬಂತಾ, ಇದು ಹಿತ್ಲು. ಬರ್ನಿಲ್ವಾ, ಇಟ್ಗೆ ಇಳಿಸ್ಕಳಿ. ಆಮೇಲೆ ನನ್ ತಲೆ ತಿನ್ಬ್ಯಾಡಿ."

ಭಾವ ನಕ್ಕರು. ನಾಗಮಣಿಯೂ ನಕ್ಕಳು. ಕಾಡಿನ ಅಂಚಿನ ಊರು, ದಿನ ಬಿಟ್ಟು ದಿನ ಬರುವ ನಲ್ಲಿ ನೀರು, ಮುಂದೆ ಬೇಸಿಗೆ. ಏನು ಬೆಳೆದಾಳು ಅಂತ. ಅವರು ಮರೆತದ್ದು ನಾನು ಭೀಮನಬೀಡಿನ ಮಗಳು ಅನ್ನುವುದನ್ನು. ನಮ್ಮಪ್ಪ ಕೋಸು ಬೆಳೆದು ಕೇರಳದ ಲಾರಿಗಳಿಗೆ ತುಂಬಿಸಿಯೇ ನಮ್ಮನ್ನು ಸಾಕಿದ್ದು.

ಸಂಕ್ರಾಂತಿಗೆ ತವರಿಗೆ ಹೋದವಳು ಕೋಸಿನ ಸಸಿ ತಂದೆ. ಅಪ್ಪ ಒದ್ದೆ ಗೋಣಿಯಲ್ಲಿ ಸುತ್ತಿ ಕೊಟ್ಟಿದ್ದರು. ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಬಂದೆ, ಸೀರೆಯೆಲ್ಲ ಒದ್ದೆ. ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಇಳಿದ ಮಂಜು ಒಂಬತ್ತು ಗಂಟೆಯಾದರೂ ಹಿತ್ತಲು ಬಿಟ್ಟು ಹೋಗದ ಕಾಲ ಅದು. ಮಣ್ಣು ಅಗೆದೆ, ಕಲ್ಲು ಆರಿಸಿದೆ, ಹಳೇ ಗೊಬ್ಬರ ಬೆರೆಸಿ ನುಗ್ಗೆಮರದಿಂದ ಒಗೆಯುವ ಕಲ್ಲಿನವರೆಗೆ ನಾಲ್ಕು ಸಾಲು ಮಾಡಿದೆ. ಗೊಬ್ಬರವನ್ನೂ ತವರಿನಿಂದಲೇ ತರಿಸಿದ್ದೆ. ನಾಗಮಣಿಯ ತಿಪ್ಪೆ ನಾಲ್ಕು ಹೆಜ್ಜೆ ಆಚೆ ಇತ್ತು. ಅದರ ಕಡೆ ತಿರುಗಿ ನೋಡಲಿಲ್ಲ.

ಮಾತು ಬಿಟ್ಟವರು ಸುಮ್ಮನಿರುತ್ತಾರೆ ಅಂದುಕೊಳ್ಳಬಾರದು. ನಾವಿಬ್ಬರೂ ಮೊದಲಿಗಿಂತ ಹೆಚ್ಚು ಮಾತಾಡುತ್ತಿದ್ದೆವು. ಅವಳು ಹಸುವಿನ ಕರುವಿಗೆ ಹೇಳುತ್ತಿದ್ದಳು, ನಾನು ಕಾಗೆಗೋ ಪೊರಕೆಗೋ ಹೇಳುತ್ತಿದ್ದೆ. ನಾನು ನೀರು ಹಾಕುತ್ತಿದ್ದರೆ ಅವಳು ಕರುವಿನ ಮೈ ತಿಕ್ಕುತ್ತ, ಕೆಲವರು ತವರಿನ ಕಸ ತಂದು ಗಂಡನ ಮನೆಗೆ ಸುರಿಯುತ್ತಾರಂತೆ ಕಣೋ ಅನ್ನುವಳು. ನಾನು ಕಾಗೆಗೆ ಅನ್ನ ಹಾಕುತ್ತ, ತವರಿನಿಂದ ಕಸವೂ ಬರದವರಿಗೆ ಹೊಟ್ಟೆಯುರಿ ಇರುತ್ತದೆ, ನೀನು ತಿನ್ನಪ್ಪ ಅನ್ನುವೆ. ಅತ್ತೆ ಚಪ್ಪಡಿಯ ಮೇಲೆ ಕೂತು ಎರಡೂ ಕಡೆ ಕೇಳಿಸಿಕೊಂಡು ಅಡಿಕೆ ಕತ್ತರಿಸುತ್ತಿದ್ದರು.

ಒಂದು ಬೆಳಿಗ್ಗೆ ಪೂಜೆ ಮುಗಿಸಿ ಬರುವಷ್ಟರಲ್ಲಿ ಕರು ಸಾಲಿನೊಳಗೆ ನಿಂತಿತ್ತು. ಹಗ್ಗ ಕಿತ್ತುಕೊಂಡು ಬಂದದ್ದಲ್ಲ, ಕುತ್ತಿಗೆಯಲ್ಲಿ ಹಗ್ಗವೇ ಇರಲಿಲ್ಲ. ತುದಿಯ ಎಂಟು ಹತ್ತು ಸಸಿ ಬುಡದವರೆಗೆ ಹೋಗಿದ್ದವು. ನಾಗಮಣಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ತಿನ್ಕ ಮಗಾ, ನಿನ್ ತಾತನ ಜಾಗನೇ ಅದು," ಅಂದಳು ಕರುವಿಗೆ.

ನಾನು ಪೊರಕೆ ಎತ್ತಿದೆ. ಕರು ಬಾಯಲ್ಲಿ ಎಲೆ ಇಟ್ಟುಕೊಂಡೇ ಮುಖ ಎತ್ತಿ ನನ್ನನ್ನು ನೋಡಿತು. ಹೊಡೆಯಲಾಗಲಿಲ್ಲ. ಅದರ ಯಜಮಾನಿಗಿಂತ ಅದು ಮೇಲು, ಮುಖ ನೋಡಿ ಕದಿಯುತ್ತಿತ್ತು. ಹಿಡಿದುಕೊಂಡು ಹೋಗಿ ಅವಳ ಕೊಟ್ಟಿಗೆ ಗೂಟಕ್ಕೆ ಕಟ್ಟಿ, ಗಂಟು ಬಿಗಿ ಮಾಡಿ ಬಂದೆ. ಉಳಿದ ಸಸಿಗಳಿಗೆ ಸುತ್ತ ಸೀಮೆಜಾಲಿ ಮುಳ್ಳು ಹಾಕಿದೆ. ಕೈತುಂಬ ಗೀರು. ಆ ರಾತ್ರಿ ದೇವರ ಮುಂದೆ ನೆನೆಸಿಕೊಂಡದ್ದು, ಕರು ಒಂದೇ ತುದಿಯನ್ನು ತಿಂದು ನಿಲ್ಲಿಸಿತಲ್ಲ, ಅಷ್ಟನ್ನೇ.

ನೀರಿನದು ಇನ್ನೊಂದು ಕಥೆ. ನಲ್ಲಿ ಬಂದ ದಿನ ತೊಟ್ಟಿ ತುಂಬುತ್ತಿದ್ದ ಹಾಗೇ ಅವಳಿಗೆ ಜಮಖಾನ, ಕಂಬಳಿ, ಜೀಪಿನ ಸೀಟಿನ ಕವರು ಎಲ್ಲ ಒಗೆಯಬೇಕು ಅನ್ನಿಸುತ್ತಿತ್ತು. ನಾನು ತೊಟ್ಟಿ ಬಿಟ್ಟುಕೊಟ್ಟೆ. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು, ಬಚ್ಚಲಿನ ಕೊನೇ ಚೊಂಬಿನ ನೀರು, ದೇವರ ಪಾತ್ರೆ ತೊಳೆದ ನೀರು, ಎಲ್ಲವನ್ನೂ ಬಕೆಟ್ಟಿನಲ್ಲಿ ಕೂಡಿಸಿ ಸಂಜೆ ಬುಡಬುಡಕ್ಕೆ ಚೊಂಬಿನಲ್ಲಿ ಹಾಕುತ್ತಿದ್ದೆ. ಶಿವರಾತ್ರಿ ಹೊತ್ತಿಗೆ ಕಾಡು ಒಣಗಿ, ನಮ್ಮ ಕಡೆಯ ಮದ್ದೂರು ಕಾಡಿನಲ್ಲಿ ಎಲ್ಲೋ ಬೆಂಕಿ ಬಿದ್ದ ಹೊಗೆ ಊರ ಮೇಲೆ ಕೂತಿತ್ತು. ಒಗೆದ ಬಟ್ಟೆಯೂ ಹೊಗೆ ನಾರುತ್ತಿತ್ತು. ಆಗ ಹಸಿರು ಹುಳು ಬಂತು, ಅದರ ಹಿಂದೆ ಎಲೆಯಡಿಗೆ ಬೂದುಬಣ್ಣದ ಹೇನು. ಹುಳುವನ್ನು ಒಂದೊಂದಾಗಿ ಆರಿಸಿ ಕಾಗೆಗೆ ಹಾಕಿದೆ. ಹೇನಿಗೆ ಒಲೆ ಬೂದಿಯನ್ನು ಜರಡಿ ಹಿಡಿದು, ಇಬ್ಬನಿ ಆರುವ ಮುಂಚೆ ಎಲೆಗಳ ಮೇಲೆ ಉದುರಿಸಿದೆ. ಇಬ್ಬನಿ ಇದ್ದರೆ ಬೂದಿ ಹಿಡಿಯುತ್ತದೆ. ಸ್ನಾನ ಮಾಡಿಯೇ ಹಿತ್ತಲಿಗೆ ಇಳಿಯುವುದು ನನ್ನ ಅಭ್ಯಾಸ. ಹಾಗಾಗಿ ಒದ್ದೆ ಕೂದಲು ಬೆನ್ನಿಗೆ ಬಿಟ್ಟುಕೊಂಡು, ಬಾಯಲ್ಲಿ ದೇವರ ಹೆಸರು ಹೇಳಿಕೊಂಡು ಬೂದಿ ಎರಚುತ್ತಿದ್ದೆ. ಅದು ಬೇರೆಯವರ ಕಣ್ಣಿಗೆ ಹೇಗೆ ಕಂಡೀತು ಅನ್ನುವುದನ್ನು ನಾನು ಯೋಚಿಸಿರಲಿಲ್ಲ.

ಯುಗಾದಿ ಇನ್ನೇನು ಹತ್ತಿರವಿರುವಾಗ ಕೋಸು ಗಡ್ಡೆ ಕಟ್ಟಿ ನಿಂತವು. ಬೆರಳಿಂದ ತಟ್ಟಿದರೆ ಗಟ್ಟಿ ಸದ್ದು. ಒಂದೊಂದೂ ಹಾಲಿನ ಚೊಂಬಿನಷ್ಟು, ಕೆಲವು ಅದಕ್ಕಿಂತ ದೊಡ್ಡವು. ಅತ್ತೆ ಚಪ್ಪಡಿಯಿಂದ ಎದ್ದು ಬಂದು ಒಂದನ್ನು ತಟ್ಟಿ ನೋಡಿ, ಹೋಗಿ ಕೂತರು. ಅತ್ತೆ ಬೈಯಲಿಲ್ಲ ಅಂದರೆ ಅದೇ ದೊಡ್ಡದು. ಆದರೆ ಪರಕ್ಕೆ ಇನ್ನೂ ದಿನವಿತ್ತು, ಮಧ್ಯಾಹ್ನ ಮಧ್ಯಾಹ್ನ ಬೆಟ್ಟದ ಹಿಂದೆ ಮೋಡ ಕಟ್ಟುತ್ತಿತ್ತು. ಕೋಸು ಬೆಳೆದವರಿಗೆ ಗೊತ್ತು, ಬುಡ ಒಣಗಿದ್ದಾಗ ಒಮ್ಮೆಲೇ ಮಳೆ ಬಿದ್ದರೆ ಬಲಿತ ಗಡ್ಡೆ ನೀರು ಕುಡಿದು ಉಬ್ಬಿ ಸೀಳಿಬಿಡುತ್ತದೆ. ಕೇರಳದ ಲಾರಿ ಬರುವುದು ತಡವಾಗಿ, ಮೇಲೆ ಮೋಡ ಕಂಡರೆ ನಮ್ಮಪ್ಪ ಮನೆಮಂದಿಯನ್ನೆಲ್ಲ ಹೊಲಕ್ಕಿಳಿಸುತ್ತಿದ್ದರು. ಗಡ್ಡೆಯನ್ನು ಎರಡೂ ಕೈಯಲ್ಲಿ ಹಿಡಿದು ಬುಡಸಹಿತ ಅರ್ಧ ತಿರುಗಿಸಬೇಕು. ಒಳಗೆ ಕೆಲವು ಬೇರು ಪಟಪಟ ಅಂತ ಹರಿಯುವುದು ಕೈಗೆ ಗೊತ್ತಾಗುತ್ತದೆ. ಅಷ್ಟಾದರೆ ಗಿಡ ಸಾಯುವುದಿಲ್ಲ, ನೀರನ್ನು ಮಾತ್ರ ಹೆಚ್ಚು ಎಳೆಯುವುದಿಲ್ಲ. ಗಡ್ಡೆ ಹಾಗೇ ನಿಂತಿರುತ್ತದೆ.

ಒಂದು ಸೋಮವಾರ ಬೆಳಿಗ್ಗೆ ತಲೆಗೆ ಸ್ನಾನ ಮಾಡಿ ಇಳಿದೆ. ನುಗ್ಗೆಮರದ ಕಡೆಯಿಂದ ಶುರು ಮಾಡಿ ಎರಡು ಸಾಲು ತಿರುಗಿಸಿದೆ. ಒಂದೊಂದು ಗಡ್ಡೆಗೂ "ಮಾದಪ್ಪ, ಕಾಪಾಡಪ್ಪ" ಅಂದುಕೊಂಡೆ. ಮೂರನೇ ಸಾಲಿಗೆ ಹೋಗುವಷ್ಟರಲ್ಲಿ ಬಾಗಿಲಲ್ಲಿ ನಾಗಮಣಿ ನಿಂತಿದ್ದು ಕಂಡಿತು. ಕೈಯಲ್ಲಿ ಹಾಲಿನ ಪಾತ್ರೆ. ಅವಳ ಮುಖದಲ್ಲಿ ಎಂದಿನ ನಗು ಇರಲಿಲ್ಲ. ಅವಳ ಹಿಂದೆ ಭಾವ ಬಂದು ನಿಂತರು. ಕುತ್ತಿಗೆಗೆ ಟವಲ್ ಸುತ್ತಿಕೊಂಡಿದ್ದರು. ನನ್ನನ್ನು ನೋಡಲು ಇಡೀ ಮೈಯನ್ನೇ ತಿರುಗಿಸಬೇಕಾಯಿತು.

ಹಿಂದಿನ ರಾತ್ರಿ ತಡವಾಗಿ ಜೀಪು ತಂದು ನಿಲ್ಲಿಸಿ, ಸೀಟಿನಲ್ಲೇ ತಲೆ ವಾಲಿಸಿ ಮಲಗಿದ್ದರಂತೆ. ಎದ್ದಾಗ ಕುತ್ತಿಗೆ ಹಿಡಿದುಕೊಂಡಿತ್ತು. ಆದರೆ ನಾಗಮಣಿ ಕಂಡದ್ದು ಬೇರೆ. ಕೂದಲು ಬಿಟ್ಟುಕೊಂಡು ಬೂದಿ ಎರಚುವ ಹೆಂಗಸು, ಮಣಮಣ ಬಾಯಿ ಆಡಿಸುತ್ತ, ಒಂದೊಂದು ತಲೆಯನ್ನೇ ಹಿಡಿದು ತಿರುಚುತ್ತಿದ್ದಾಳೆ. ಒಳಗೆ ಗಂಡನ ಕುತ್ತಿಗೆ ತಿರುಗುತ್ತಿಲ್ಲ.

ಅವತ್ತು ಅವಳು ಕರುವಿಗೆ ಹೇಳಲಿಲ್ಲ. ಬೀದಿಗೇ ಹೇಳಿದಳು. ಹಾಲಿನ ಪಾತ್ರೆ ಅಲ್ಲೇ ಇಟ್ಟು ಮುಂಬಾಗಿಲಿಗೆ ಹೋಗಿ, ನನ್ನ ಹೆಸರು ಹಿಡಿದು, ಮಾಟ ಮಾಡುತ್ತಿದ್ದಾಳೆ ಅಂದಳು. ಕೊಳ್ಳೇಗಾಲದ ಕಡೆ ಹೋಗಿ ಕಲಿತು ಬಂದಿದ್ದಾಳೆ ಅಂದಳು. ಮಕ್ಕಳಿಲ್ಲದವಳ ಕಣ್ಣು, ಮಕ್ಕಳಿರುವವಳ ತಾಳಿ ಮೇಲೆ ಬಿದ್ದಿದೆ ಅಂದಳು. ನಾನು ಕೊಳ್ಳೇಗಾಲ ನೋಡಿದ್ದೇ ಬಸ್ಸಿನ ಕಿಟಕಿಯಿಂದ, ಮಾದಪ್ಪನ ಬೆಟ್ಟಕ್ಕೆ ಹೋಗುವಾಗ. ಇದನ್ನು ಹೇಳಲು ಬಾಯಿ ತೆರೆದೆ. ಕೈಯೆಲ್ಲ ಬೂದಿ, ಮಣ್ಣು. ಬೀದಿಯ ಹೆಂಗಸರು ನನ್ನ ಕೈಯನ್ನೇ ನೋಡುತ್ತಿದ್ದರು. ಕೈಯನ್ನು ಸೆರಗಲ್ಲಿ ಮುಚ್ಚಿಕೊಂಡು ಒಳಗೆ ಬಂದೆ.

ಮಧ್ಯಾಹ್ನದ ಹೊತ್ತಿಗೆ ಭಾವನ ತೋಳಿಗೆ ಒಂದು ತಾಯತ ಬಂದಿತ್ತು. ಅತ್ತೆ ನನ್ನನ್ನು ಕರೆದು ಉಳಿದ ಎರಡು ಸಾಲು ಮುಟ್ಟಬೇಡ ಅಂದರು. ಏಕೆ ತಿರುಗಿಸುತ್ತೇನೆ ಅಂತ ವಿವರಿಸಲು ಹೋದೆ, ನಮ್ಮಪ್ಪ, ಲಾರಿ, ಬೇರು ಅಂತೆಲ್ಲ. ಅತ್ತೆ ಕೇಳಿಸಿಕೊಂಡು, ಮುಟ್ಟಬೇಡ ಅಂದೆನಲ್ಲ ಅಂದರು ಅಷ್ಟೇ. ಸಂಜೆ ಪರದ ಉಸ್ತುವಾರಿ ನೋಡುವ ಬೀದಿ ಯಜಮಾನರು ಬಂದು ಜಗುಲಿಯ ತುದಿಯಲ್ಲಿ ಕೂತರು. ವಯಸ್ಸಾದವರು, ಒರಟು ಮಾತು ಆಡುವವರಲ್ಲ. ಈ ಸಲ ಪರಕ್ಕೆ ಕೋಸು ಬೇಡಮ್ಮ, ಒಂದಚ್ಚು ಬೆಲ್ಲ ಕೊಟ್ಟುಬಿಡು ಸಾಕು, ಜನದ ಬಾಯಿ ಅಂದರು. ನಾನು ತಲೆಯಾಡಿಸಿದೆ. ಅವರು ಹೋದ ಮೇಲೆ ಅಡುಗೆಮನೆಗೆ ಬಂದು ಕಿಟಕಿಯ ಹತ್ತಿರ ನಿಂತೆ. ಪರಕ್ಕೆ ಹಿತ್ತಲಿನ ಪಲ್ಯವಿಲ್ಲ ಅಂದರೆ ಈ ಕಿಟಕಿಯೂ ಇಲ್ಲ. ಭಾವ ಆ ಹಿಡಿದ ಕುತ್ತಿಗೆಯಲ್ಲೇ ಯಾರಿಗೋ ಫೋನಿನಲ್ಲಿ ಇಟ್ಟಿಗೆ ವಿಚಾರಿಸುತ್ತಿದ್ದದ್ದು ಕೇಳುತ್ತಿತ್ತು. ಅವತ್ತು ದೇವರ ಮುಂದೆ ಕೂತೆ, ನೆನೆಸಿಕೊಳ್ಳಲು ಒಂದು ಒಳ್ಳೆಯದೂ ಸಿಗಲಿಲ್ಲ. ದೀಪ ಆರಲಿಲ್ಲ ಅಂದುಕೊಂಡು ಎದ್ದೆ.

ಮಳೆ ಬಂದದ್ದು ಪರದ ಹಿಂದಿನ ವಾರ. ಮೂರು ಗಂಟೆಗೆ ಗಾಳಿ ಎದ್ದು, ಹೊಗೆಯನ್ನೆಲ್ಲ ಹೊತ್ತುಕೊಂಡು ಹೋಯಿತು. ಆಲಿಕಲ್ಲು ನಾಲ್ಕು ಉದುರಿ, ಆಮೇಲೆ ಒಂದೇ ಸಮ ಹೊಯ್ದಿತು. ಕರೆಂಟ್ ಹೋಯಿತು, ಯಜಮಾನರನ್ನು ಕರೆಸಿಕೊಂಡರು. ನಾನು ಕಿಟಕಿಯಲ್ಲಿ ನಿಂತು ನೋಡುತ್ತಲೇ ಇದ್ದೆ. ಬೆಳಿಗ್ಗೆ ಹೋಗಿ ನೋಡಿದರೆ, ಅತ್ತೆ ಮುಟ್ಟಬೇಡ ಅಂದ ಎರಡು ಸಾಲಿನಲ್ಲಿ ಒಂದೂ ಬಿಡದ ಹಾಗೆ ಬಾಯಿ ಬಿಟ್ಟಿದ್ದವು. ನುಗ್ಗೆಮರದ ಕಡೆಯ ಎರಡು ಸಾಲು ನಾನು ತಿರುಗಿಸಿದ ಹಾಗೇ, ಸ್ವಲ್ಪ ಓರೆಯಾಗಿ, ಇಡಿಯಾಗಿ ಕೂತಿದ್ದವು.

ಸತ್ಯ ಕಣ್ಣೆದುರಿಗೇ ಬಂತು, ಇನ್ನು ಯಾರೂ ಏನೂ ಹೇಳುವಂತಿಲ್ಲ ಅಂದುಕೊಂಡೆ. ಅತ್ತೆಯನ್ನು ಕರೆದೆ, ಬೇಕೆಂದೇ ಗಟ್ಟಿಯಾಗಿ ಕರೆದೆ. ನಾಗಮಣಿಯೂ ಬಂದಳು. ಸೀಳಿದ್ದನ್ನು ನೋಡಿದಳು, ಸೀಳದ್ದನ್ನು ನೋಡಿದಳು.

"ನೋಡ್ದಾ ಅತ್ತೆ? ಅವ್ಳು ಮುಟ್ಟಿದ್ದು ನೆಟ್ಟಗವೆ, ಮುಟ್ದೆ ಇದ್ದದ್ದು ಸೀಳೋಗವೆ. ಇನ್ನೇನ್ ಬೇಕು?"

ನಾನು ಸಾಕ್ಷಿ ಅಂದುಕೊಂಡದ್ದೇ ಅವಳಿಗೂ ಸಾಕ್ಷಿ. ಆ ಹೆಂಗಸನ್ನು ಆ ಕ್ಷಣ ಎಷ್ಟು ದ್ವೇಷಿಸಿದೆ ಅಂದರೆ, ನನಗೆ ಮಾಟ ಗೊತ್ತಿಲ್ಲದೇ ಹೋದದ್ದು ಒಳ್ಳೆಯದಾಯಿತು. ಅದನ್ನೂ ದೇವರ ದಯೆಗೆ ಸೇರಿಸಬೇಕು.

ಅತ್ತೆ ಇಬ್ಬರ ಮುಖವನ್ನೂ ನೋಡಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ನುಗ್ಗೆಮರದ ಸಾಲಿಗೆ ಹೋದರು. ನಾನು ತಿರುಗಿಸಿದ ಒಂದು ಗಡ್ಡೆಯನ್ನು ಕುಡುಗೋಲಿನಿಂದ ಕುಯ್ದು ತಂದು ಚಪ್ಪಡಿಯ ಮೇಲೆ ಕೂತರು. ಮಳೆನೀರು ಇನ್ನೂ ಚಪ್ಪಡಿಯ ಮೇಲೇ ನಿಂತಿತ್ತು, ಸೀರೆ ಒದ್ದೆಯಾದರೂ ಲೆಕ್ಕಕ್ಕಿಲ್ಲ.

"ನಾಗಿ, ಉಪ್ಪು ತಕ್ಕಬಾ," ಅಂದರು.

ನಾಗಮಣಿಗೆ ಅರ್ಥವಾಗಲಿಲ್ಲ. ಮತ್ತೆ ಹೇಳಿದ ಮೇಲೆ ಹೋಗಿ ಹರಳುಪ್ಪಿನ ಬಟ್ಟಲು ತಂದು ನೆಲಕ್ಕಿಟ್ಟಳು. ಅಷ್ಟು ಗಾಬರಿಯಲ್ಲೂ ಕೈಗೆ ಕೊಡಲಿಲ್ಲ. ಅತ್ತೆ ನೆಲದ ಬಟ್ಟಲಿನಿಂದ ಒಂದು ಹರಳು ತೆಗೆದುಕೊಂಡು, ಕೋಸಿನ ಎಲೆ ಬಿಡಿಸಿ, ಹಸಿಹಸಿಯಾಗಿ ಬಾಯಿಗೆ ಹಾಕಿ ಅಗಿದರು. ಇದ್ದ ಹಲ್ಲಿಗೆ ಅದು ಸುಲಭದ ಕೆಲಸವಲ್ಲ. ಒಂದು ಎಲೆ, ಇನ್ನೊಂದು ಎಲೆ. ನಾಗಮಣಿ ಬೇಡ ಅತ್ತೆ, ಬೇಡ ಅತ್ತೆ ಅಂತ ಕೈ ಹಿಡಿಯಲು ಹೋದಳು. ಅವಳಿಗೆ ನಿಜವಾಗಿಯೂ ಅಳು ಬಂದಿತ್ತು. ಅದನ್ನು ನಾನು ನೋಡಿದೆ, ನೋಡಿದ್ದನ್ನು ಹೇಳಬೇಕು. ಅವಳು ನಾಟಕ ಆಡುತ್ತಿದ್ದಾಳೆ ಅಂದುಕೊಂಡಿದ್ದೆ. ಅವಳು ನಿಜಕ್ಕೂ ನಂಬಿದ್ದಳು. ಅದರಿಂದ ನನ್ನ ಸಿಟ್ಟೇನೂ ಇಳಿಯಲಿಲ್ಲ, ಇನ್ನೂ ಏರಿತು. ನನ್ನನ್ನು ಅಂಥವಳು ಅಂತ ಅವಳು ನಿಜಕ್ಕೂ ನಂಬಿದ್ದಳಲ್ಲ.

ಅತ್ತೆ ಅವಳ ಕೈ ಸರಿಸಿದರು.

"ಸತ್ರೆ ನಾನ್ ಸಾಯ್ತೀನಿ ಬುಡು. ನೀವಿಬ್ರೂ ಹಿತ್ಲಲ್ಲಿ ಕಿತ್ತಾಡಿ ನನ್ನ ದಿನಾ ಸಾಯ್ಸದಕ್ಕಿಂತ ಇದೇ ವಾಸಿ."

ಅರ್ಧ ಗಡ್ಡೆ ತಿಂದು, ಬಾಯಿ ಮುಕ್ಕಳಿಸಿ, ಎಲೆಅಡಿಕೆ ಹಾಕಿಕೊಂಡರು. ಮಾರನೇ ದಿನ ಬೆಳಿಗ್ಗೆ ನಾನು ಎದ್ದಾಗ ಅಂಗಳದಲ್ಲಿ ಪೊರಕೆ ಸದ್ದು. ಅತ್ತೆ ಎಂದಿಗಿಂತ ಜೋರಾಗಿ ಗುಡಿಸುತ್ತಿದ್ದರು. ಗುಡಿಸಿ, ಪೊರಕೆ ಹಿಡಿದುಕೊಂಡೇ ಬೀದಿ ಯಜಮಾನರ ಮನೆ ಬಾಗಿಲಿಗೆ ಹೋಗಿ, ಸತ್ತಿಲ್ಲ ಕಣಪ್ಪ, ನೋಡ್ಕೋ, ಹೊಟ್ಟೆ ಉಬ್ಬರಿಸಿರೋದು ಬಿಟ್ರೆ ಚೆನ್ನಾಗಿದೀನಿ, ಕೋಸು ಬತ್ತದೆ ಅಂತ ಹೇಳಿ ಬಂದರು. ಅಷ್ಟರಲ್ಲಿ ಭಾವನ ಕುತ್ತಿಗೆಯೂ ತಿರುಗುತ್ತಿತ್ತು. ಅದನ್ನು ನಾಗಮಣಿ ತಾಯತದ ಲೆಕ್ಕಕ್ಕೆ ಬರೆದುಕೊಂಡಳು. ಇರಲಿ.

ಸೀಳಿದ್ದನ್ನು ಅವತ್ತೇ ಕುಯ್ದು ಬೀದಿಯ ಮನೆಗಳಿಗೆ ಹಂಚಿದೆ. ಇಡಿಯಾಗಿದ್ದವನ್ನು ಪರದ ದಿನ ಬೆಳಿಗ್ಗೆ, ತಲೆಗೆ ಸ್ನಾನ ಮಾಡಿ, ಈ ಸಲ ಕೂದಲನ್ನು ಬಿಗಿಯಾಗಿ ಗಂಟು ಹಾಕಿಕೊಂಡು ಕುಯ್ದೆ. ಹಿಂದೆ ಅರ್ಧ ಬೇರು ಹರಿದಿದ್ದರಿಂದ ಸುಲಭವಾಗಿ ಬಂದವು. ಹೊರಗಿನ ಒರಟು ಎಲೆಗಳನ್ನು ಕಂಕುಳು ತುಂಬ ಎತ್ತಿಕೊಂಡು ಹೋಗಿ ಕೊಟ್ಟಿಗೆಯ ಬಾನಿಗೆ ಹಾಕಿದೆ. ಕರುವಿಗೆ ಹಾಕಿದ್ದು, ಅದರ ಯಜಮಾನಿಗಲ್ಲ. ಕರು ಆಗಲೂ ಮುಖ ಎತ್ತಿ ನೋಡಿತು.

ಈಗ ನಾವು ಚಾಮರಾಜನಗರಕ್ಕೆ ಬಂದು ಬಿಟ್ಟಿದ್ದೇವೆ, ಯಜಮಾನರಿಗೆ ವರ್ಗವಾಯಿತು. ಅತ್ತೆ ಹಂಗಳದಲ್ಲೇ ಇದ್ದಾರೆ, ಎರಡೂ ಬಾಗಿಲಿನವರನ್ನು ಬೈಯುವಷ್ಟು ಗಟ್ಟಿಯಾಗಿದ್ದಾರೆ. ಹಿತ್ತಲು ಹಿತ್ತಲಾಗಿಯೇ ಇದೆ. ಹಬ್ಬಕ್ಕೆ ಹೋದಾಗ ಆ ಕಿಟಕಿಯಲ್ಲಿ ನಿಂತು ಸ್ವಲ್ಪ ಹೊತ್ತು ಆಕಾಶ ನೋಡಿ ಬರುತ್ತೇನೆ. ಮೊನ್ನೆಯ ಸೀಳಿದ ಕೋಸನ್ನು ಕಡಲೆಬೇಳೆ ಹಾಕಿ ಪಲ್ಯ ಮಾಡಿದೆ, ಪರದ ದಿನ ಮಾಡಿದ ಹಾಗೇ. ಒಗ್ಗರಣೆಗೆ ಬಿದ್ದ ತಕ್ಷಣ ಆ ಘಾಟು ಹೋಗಿಬಿಡುತ್ತದೆ. ಸಿಟ್ಟು ಹಾಗಲ್ಲ.

ಆ ವರ್ಷದ ಪರದ ದಿನ ಗುಡಿ ಮುಂದಿನ ಬಯಲಲ್ಲಿ ದೊಡ್ಡ ಪಾತ್ರೆಯಲ್ಲಿ ಪಲ್ಯ ನಾನೇ ಮಾಡಿದೆ. ದೇವರಿಗೆ ಎಡೆಯಾಯಿತು. ಎಲೆ ಹಾಕಿದರು. ಮಾದಪ್ಪನ ಪಂಕ್ತಿಯಲ್ಲಿ ಕೂತ ಮೇಲೆ ಬಡಿಸಿದ್ದನ್ನು ಬೇಡ ಅನ್ನುವಂತಿಲ್ಲ, ಎಲೆಯಲ್ಲಿ ಬಿಡುವಂತಿಲ್ಲ, ಎಲ್ಲರದೂ ಮುಗಿಯುವವರೆಗೆ ಏಳುವಂತಿಲ್ಲ. ಯಾರ ಮನೆಯವರು ಯಾರೊಂದಿಗೆ ಮಾತು ಬಿಟ್ಟಿದ್ದಾರೆ ಅನ್ನುವುದನ್ನೂ ಅಲ್ಲಿ ನೋಡುವುದಿಲ್ಲ. ಪಲ್ಯದ ಬೋಗುಣಿ ಹಿಡಿದು ಹೆಂಗಸರ ಸಾಲಿಗೆ ಬಂದೆ. ನಡುವೆ ನಾಗಮಣಿ ಕೂತಿದ್ದಳು, ಪಕ್ಕದಲ್ಲಿ ಅತ್ತೆ. ಬಗ್ಗಿದೆ. ಅವಳ ಎಲೆಗೆ ಸೌಟು ತುಂಬ ಹಾಕಿದೆ. ಬೇರೆಯವರಿಗೆ ಹಾಕಿದ್ದಕ್ಕಿಂತ ಒಂದು ತುತ್ತು ಹೆಚ್ಚೇ ಇರಬೇಕು. ಅವಳು ಎಲೆ ನೋಡುತ್ತ ಕೂತಳು. ಆಮೇಲೆ ಮುದ್ದೆಯ ಜೊತೆಗೂ ಅಲ್ಲ, ಅನ್ನದ ಜೊತೆಗೂ ಅಲ್ಲ, ಬರೀ ಪಲ್ಯವನ್ನೇ ಮೂರು ಬೆರಳಲ್ಲಿ ಎತ್ತಿ ಬಾಯಿಗಿಟ್ಟಳು. ನಾನು ಮುಂದಿನ ಎಲೆಗೆ ಹೋಗಬೇಕಾಗಿತ್ತು. ಹೋಗಲಿಲ್ಲ.

"ಉಪ್ಪು ಕಮ್ಮಿ," ಅಂದಳು.

ಕರುವಿಗಲ್ಲ, ಬೀದಿಗಲ್ಲ. ನನಗೇ. ಬಿಂದಿಗೆ ಚೆಲ್ಲಿದ ದಿನದಿಂದ ನನ್ನ ಮುಖಕ್ಕೆ ಹೇಳಿದ ಮೊದಲ ಮಾತು ಅದು. ಉಪ್ಪು ಕಡಿಮೆಯಾಗಿರಲಿಲ್ಲ. ಅಷ್ಟು ಜನ ಉಂಡರು, ಇನ್ನೊಬ್ಬರೂ ಕೇಳಲಿಲ್ಲ. ಆದರೂ ಹೋಗಿ ಉಪ್ಪಿನ ಬಟ್ಟಲು ತಂದೆ. ಎಲೆಯ ತುದಿಗೆ ಹಾಕಲು ಬಗ್ಗಿದರೆ ಅವಳು ಎಡಗೈಯನ್ನು ಬಟ್ಟಲಿನ ಕಡೆ ಚಾಚಿದಳು, ಅಂಗೈ ಮೇಲೆ ಮಾಡಿ.

ಅತ್ತೆ ತಲೆಯೆತ್ತಿದರು.

"ಕೈಗೆ ಕುಡ್ಬ್ಯಾಡ ಕಣಮ್ಮಿ ಜಯಾ," ಅಂದಳು ಎದುರಿಗಿದ್ದ ಒಬ್ಬ ಮುದುಕಿ, "ಜಗಳ ಬತ್ತದೆ."

ನಾಗಮಣಿ ಕೈ ಹಿಂದಕ್ಕೆ ತೆಗೆಯಲಿಲ್ಲ.

"ಬರ್ಲಿ ಬುಡಜ್ಜಿ," ಅಂದಳು. "ಎಲ್ಲೋಗಿತ್ತು ಅದು?"

ನಾನು ಅವಳ ಅಂಗೈಗೆ ಉಪ್ಪು ಹಾಕಿದೆ. ಸಾಕು ಅನ್ನಲಿಲ್ಲ. ಇನ್ನೊಂದು ಚಿಟಿಕೆ ಹಾಕಿದೆ.